ಅರವತ್ತರವಳ ಒಪ್ಪಿಗೆ

ಸ್ಕೂಟರ್ ಕೊಳ್ಳಲು ಮ್ಯೂಚುವಲ್ ಫಂಡಿನ ಹಣ ಬಿಡಿಸಬೇಕೆಂದು ನಲವತ್ತರ ಪಂಕಜಾಕ್ಷಿ ರಜೆ ಹಾಕಿ ಫಂಡಿನ ಆಫೀಸಿಗೆ ಬಂದದ್ದು ಇದು ನಾಲ್ಕನೆಯ ಸಲ. ಫಾರಂ ಎಲ್ಲ ಸರಿಯಾಗಿತ್ತು. ಇಪ್ಪತ್ತು ವರ್ಷದ ನಂತರದ ತನ್ನದೇ ಒಪ್ಪಿಗೆಯೊಂದು ಬಾಕಿ. ಕೌಂಟರಿನ ಹುಡುಗಿ ಎಂದಿನಂತೆ ನಂಬರ್ ಒತ್ತಿ ಫೋನನ್ನು ಅವಳತ್ತ ತಳ್ಳಿದಳು.

“ಆಗಲ್ಲ,” ಎಂದಳು ಅರವತ್ತರ ಪಂಕಜಾಕ್ಷಿ.

“ದಿನಾ ಎರಡೆರಡು ಬಸ್ ಹತ್ತಿ ಇಳಿದು ಮಂಡಿ ಸವೆದುಹೋಗ್ತಿದೆ ಕಣೇ!”

“ಗೊತ್ತು. ಆ ಮಂಡಿ ಈಗ ನನ್ನ ಹತ್ರಾನೇ ಇರೋದು.”

“ಹಾಗಾದ್ರೆ ಆಪರೇಷನ್ನಾದ್ರೂ ಮಾಡಿಸ್ಕೊ! ನಿನಗೋಸ್ಕರ ತಾನೇ ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟಿದ್ದು?”

“ಹಣ ಬಿಡಿಸೋಕೆ ನಂಗೂ ಎಂಬತ್ತರವಳ ಒಪ್ಪಿಗೆ ಬೇಕಲ್ಲ.”

ಪಂಕಜಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. “ಅವಳೂ ಆಗಲ್ಲ ಅಂತಾಳಾ? ಲೈನ್ ಕೊಡು, ಆ ಜಿಪುಣಿಗೆ ನಾನೇ ನಾಲ್ಕು ಮಾತು ಬೈತೀನಿ.”



“ದಿನಾ ಫೋನ್ ಮಾಡ್ತೀನಿ ಕಣೇ. ರಿಂಗಾಗುತ್ತೆ, ಯಾರೂ ಎತ್ತಲ್ಲ,” ಎಂದಳು ಅರವತ್ತರವಳು. “ಅದಕ್ಕೇ ಹೇಳ್ತಿರೋದು, ಮುಟ್ಟಬೇಡ. ಎತ್ತಿದ ದಿನ ದುಡ್ಡೆಲ್ಲಿ ಅಂತ ಅವಳು ಕೇಳಿದ್ರೆ?”