ಫೋಟೊದ ಡಾಕ್ಟರು

ಕ್ಷಯರೋಗದ ತಿಳಿವಳಿಕೆಗೆಂದು ಆರೋಗ್ಯ ಇಲಾಖೆಯವರು ಹೊರತಂದ ಫೋಟೊ ಕಥೆಯ ಪುಸ್ತಕದಲ್ಲಿ ದುರುಗವ್ವ ರೋಗಿಯ ಪಾತ್ರದಲ್ಲಿ ಕೆಮ್ಮಿದ್ದಳು. ಟೈಲರ್ ಮೌನೇಶ ಬಿಳಿ ಕೋಟು ತೊಟ್ಟು ಡಾಕ್ಟರಾಗಿದ್ದ. ಪುಸ್ತಕವನ್ನು ಮನೆಮನೆಗೆ ಹಂಚಿದ ಮರುದಿನವೇ ಶಾಲೆಯಲ್ಲಿ ಅವಳು ಮಾಡಿದ ಬಿಸಿಯೂಟವನ್ನು ಒಂದು ಮಗುವೂ ಮುಟ್ಟಲಿಲ್ಲ.

"ನಾಳಿಂದ ಅಡಿಗಿಗೆ ಬರಬ್ಯಾಡ," ಎಂದರು ಹೆಡ್‌ಮಾಸ್ತರು.

"ಅದು ಬರೇ ಫೋಟೊರೀ ಸರ!"

"ನನಗ ಹೇಳಬ್ಯಾಡ, ಊರಿಗೆ ಹೇಳು."

ಜೊತೆಗೆ ನಿಂತು ಫೋಟೊ ತೆಗೆಸಿಕೊಂಡ ಮೌನೇಶನಾದರೂ ನಿಜ ಹೇಳಿಯಾನೆಂದು ಅವನ ಅಂಗಡಿಗೆ ಓಡಿದಳು. ಹೊಲಿಗೆ ಯಂತ್ರದ ಮುಂದೆ, ಕೆಮ್ಮುವ ಕೂಸುಗಳನ್ನು ತೋರಿಸಲು ಹೆಂಗಸರು ಸಾಲುಗಟ್ಟಿದ್ದರು.

"ಯಣ್ಣಾ, ನನಗ ಏನೂ ಆಗಿಲ್ಲಂತ ನೀನರ ಇವರಿಗೆ ಹೇಳೋ!"

ಮೌನೇಶ ಕೊರಳಲ್ಲಿದ್ದ ಅಳತೆಯ ಟೇಪನ್ನು ಸರಿಮಾಡಿಕೊಂಡು ಹೇಳಿದ:

"ಮದ್ಲು ಬಾಯಿಗೆ ಸೆರಗು ಹಿಡಕೊ ತಂಗಿ. ಮಾತ್ರಿ ತಪ್ಪದಂಗ ನುಂಗಾಕತ್ತಿ ಹೌದಿಲ್ಲೊ?"