ಅಂಗೈಯಡಿಯ ವಿಳಾಸ

ಮೂರನೇ ಸಲವೂ ಪರದೆಯ ಮೇಲೆ ವಿಳಾಸಗಳು ಪೂರ್ತಿ ಕಾಣಿಸಿದಾಗ ಡರ್ಮಟ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಬ್ಯಾಲರಾಟ್ ಊರಿನ ವಿದ್ಯುತ್ ಕಂಪನಿಯೊಂದರಲ್ಲಿ ಗ್ರಾಹಕರ ಮಾಹಿತಿ ನೋಡಿಕೊಳ್ಳುವವನು ಅವನು. ಸಿಬ್ಬಂದಿಗೆ ಗ್ರಾಹಕರ ವಿಳಾಸವಿರುವಲ್ಲಿ ಬರೀ ಚುಕ್ಕಿ ಕಾಣುವಂತೆ ಮಾಡಲು ಮೂರು ವಾರದಿಂದ ಹೆಣಗುತ್ತಿದ್ದ. ನಾಲ್ಕು ಗಂಟೆಗೆ ಗೋಪ್ಯತೆಯ ತಪಾಸಣೆಯವರು ಬರುವವರಿದ್ದರು.

“ನನಗೆ ಬೆಳಗಿಂದ ಚುಕ್ಕೀನೇ ಬರ್ತಿದೆ,” ಎಂದಳು ಪಕ್ಕದ ಮೇಜಿನಲ್ಲಿ ಗ್ರಾಹಕರ ಕರೆಗೆ ಉತ್ತರಿಸುವ ಪ್ರೂ. “ನೀನು ನಿನ್ನ ಹೆಸರಲ್ಲೇ ಲಾಗಿನ್ ಆಗಿ ನೋಡ್ತಿದೀಯ ಮಾರಾಯ. ಎಲ್ಲಾ ಕಾಣೋ ಹಾಗೆ ಬಿಟ್ಟಿರೋದು ನಿನಗೊಬ್ಬನಿಗೇ ಅಲ್ವಾ? ಮೂರು ವಾರ ನಿದ್ದೆಗೆಟ್ರೆ ಹೀಗೇ.”

ಚುಕ್ಕಿಯಿಲ್ಲದೆ ವಿಳಾಸ ನೋಡಬಲ್ಲವರ ವಿನಾಯಿತಿ ಪಟ್ಟಿಯಲ್ಲಿದ್ದ ಒಂದೇ ಹೆಸರು ಅವನದು, ಅವನೇ ಬರೆದುಕೊಂಡದ್ದು. ಅವನಿಗೆ ನಗಲೂ ತ್ರಾಣವಿರಲಿಲ್ಲ. ಪರದೆಯ ಮೇಲಿದ್ದದ್ದು ಈ ವಾರ ಹೊಸ ಸಂಪರ್ಕ ಪಡೆದವರ ವಿವರ. ಅದನ್ನು ಮುಚ್ಚಲು ಹೋದವನು ಅಲ್ಲೇ ತಡೆದ. ಏಳನೆಯ ಹೆಸರು ಟೆಸ್ ಹ್ಯಾನಿಗನ್. ಪಕ್ಕದಲ್ಲಿದ್ದ ಹುಟ್ಟಿದ ದಿನಾಂಕ ಅವನಿಗೆ ಬಾಯಿಪಾಠ. “ನನ್ನ ಹುಡುಕ್ಬೇಡ ಅಪ್ಪ,” ಎಂದು ಹೇಳಿ ಮಗಳು ಮನೆ ಬಿಟ್ಟು ನಾಲ್ಕು ವರ್ಷವಾಗಿತ್ತು.

ಕಣ್ಣು ಬಲಕ್ಕೆ ಹೊರಳುವ ಮೊದಲೇ ಅವನ ಅಂಗೈ ವಿಳಾಸದ ಮೇಲೆ ಕೂತಿತ್ತು. ಅದನ್ನು ಹಾಗೇ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ವಿನಾಯಿತಿ ಪಟ್ಟಿಯನ್ನು ತೆರೆದು ತನ್ನ ಹೆಸರನ್ನು ಅಳಿಸಿದ. ವಿವರದ ಪುಟವನ್ನು ಹೊಸದಾಗಿ ತೆರೆದ.

“ಈಗಾದ್ರೂ ಸರಿಹೋಯ್ತಾ?” ಪ್ರೂ ಕೇಳಿದಳು.

ಡರ್ಮಟ್ ಮೆಲ್ಲಗೆ ಕೈ ತೆಗೆದ.

“ಆಯ್ತು,” ಎಂದ. “ನನಗೂ ಕಾಣ್ತಿಲ್ಲ.”