ಮೊದಲ ನೋಟ

ಹೊಸ ಮೂರ್ತಿಗೆ ಕಣ್ಣು ತೆರೆಸುವುದೊಂದೇ ಬಾಕಿ ಇತ್ತು. ಆಗಷ್ಟೇ ತೆರೆದ ಕಣ್ಣಿನ ನೋಟ ಬಹಳ ಉಗ್ರ, ಆದ್ದರಿಂದ ದೇವರ ಎದುರು ಮೊದಲು ಕನ್ನಡಿ ಹಿಡಿಯಬೇಕು ಎಂಬುದು ಪದ್ಧತಿ. ಪರದೆಯೊಳಗೆ ಶಿಲ್ಪಿಯೊಬ್ಬನೇ ಹೋಗಬೇಕು.

ಅರ್ಚಕರಿಗೆ ಅಳುಕು. ಶಿಲ್ಪಿಯ ಏಳು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡು ಎರಡು ತಿಂಗಳಾಗಿತ್ತು. ಅವಳನ್ನು ನೋಡಲು ಹೊರಟಿದ್ದವನನ್ನು, “ದೇವರ ಕೆಲಸ ಅರ್ಧಕ್ಕೆ ಬಿಟ್ಟು ಹೋಗಬೇಡಿ, ಮಗೂನ ಅವನೇ ಕಾಯ್ತಾನೆ” ಎಂದು ತಡೆದವರು ಅವರೇ.

“ಸಿಟ್ಟಲ್ಲಿ ಕಣ್ಣು ಕೆಡಿಸಿಬಿಟ್ಟೀರಿ ಆಚಾರ್ರೇ.”

“ಇಲ್ಲ ಭಟ್ರೇ. ಇಷ್ಟು ಒಳ್ಳೆ ಕಣ್ಣು ನಾನು ಯಾವ ದೇವ್ರಿಗೂ ಕೊಟ್ಟಿಲ್ಲ. ಇವನಿಗೆ ಎಲ್ಲಾ ಸರಿಯಾಗಿ ಕಾಣ್ಬೇಕು.”

ಪರದೆ ಇಳಿಯಿತು. ಉಳಿಯ ಸದ್ದು ಕೇಳಿತು, ನಿಂತಿತು. ಬಹಳ ಹೊತ್ತಾದರೂ ಅವನು ಹೊರಗೆ ಬರಲಿಲ್ಲ.

“ಕನ್ನಡಿ ಹಿಡಿದ್ರಾ ಆಚಾರ್ರೇ?”

“ತನ್ನ ಮುಖ ತಾನು ನೋಡ್ಕೊಂಡಿದ್ದು ಸಾಕು.”

ಅರ್ಚಕರು ಗಾಬರಿಯಿಂದ ಪರದೆ ಸರಿಸಿದರು. ಕನ್ನಡಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿತ್ತು. ಶಿಲ್ಪಿ ಆ ಹೊಸ ಕಣ್ಣುಗಳ ಎದುರಿಗೆ ಒಂದು ಪುಟ್ಟ ಹಸಿರು ಲಂಗವನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ನಿಂತಿದ್ದ.